ವಸುಬಂಧು ಗೆದ್ದದ್ದು ಎಲ್ಲಿ?

ಬೌದ್ಧರ ಅನಾತ್ಮವಾದದ ಬಗ್ಗೆ ಬರೆಯುವವರು ವಸುಬಂಧುವಿನ ಅಭಿಧರ್ಮಕೋಶಭಾಷ್ಯದ ಒಂಬತ್ತನೆಯ ಅಧ್ಯಾಯಕ್ಕೆ ಕೈಮುಗಿದು ಮುಂದೆ ಹೋಗುವುದು ವಾಡಿಕೆ. ವ್ಯಕ್ತಿ ಎಂಬುದು ನಿಜಕ್ಕೂ ಇದೆಯೆನ್ನುವ ಬೌದ್ಧರಾದ ಪುದ್ಗಲವಾದಿಗಳ ಬಾಯಿ ಅಲ್ಲಿಗೆ ಮುಚ್ಚಿತು ಎಂಬುದು ಎಲ್ಲರೂ ಒಪ್ಪಿಕೊಂಡ ತೀರ್ಪು. ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನಲ್ಲಿ ಪತ್ತೆಹಚ್ಚಿದ ಸಂಸ್ಕೃತ ಮೂಲವನ್ನು ಪ್ರಹ್ಲಾದ ಪ್ರಧಾನರು 1967ರಲ್ಲಿ ಪ್ರಕಟಿಸಿದರು. ಅಂದಿನಿಂದ ಪಠ್ಯ ಎಲ್ಲರ ಕೈಗೂ ಸಿಗುವಂತಿದೆ, ತೀರ್ಪು ಮಾತ್ರ ಹಾಗೇ ಉಳಿದಿದೆ. ಆ ಅಧ್ಯಾಯದ ಗದ್ಯ ಬಿಗಿಯಾಗಿದೆ, ವಾದದ ಓಟ ಬೆರಗು ಹುಟ್ಟಿಸುತ್ತದೆ. ಆದರೆ ಎದುರಾಳಿ ಎತ್ತಿದ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ.

ಎದುರಾಳಿಗಳು ಯಾವುದೋ ಮೂಲೆಯ ಪಂಗಡದವರಲ್ಲ. ವಾತ್ಸೀಪುತ್ರೀಯರು, ಅವರಿಂದ ಬೆಳೆದ ಸಮ್ಮಿತೀಯರು ಏಳನೆಯ ಶತಮಾನದ ಭಾರತದ ದೊಡ್ಡ ನಿಕಾಯಗಳಲ್ಲಿ ಸೇರಿದ್ದವರು. ವಲಭಿಯಲ್ಲಿ ಅವರ ಸಾವಿರಾರು ಭಿಕ್ಷುಗಳಿದ್ದುದನ್ನು ಹ್ಯೂಯೆನ್‌ತ್ಸಾಂಗ್ ದಾಖಲಿಸಿದ್ದಾನೆ. ಅವರ 15 ಗ್ರಂಥಗಳನ್ನು ಆತ ಚೀನಾಕ್ಕೆ ಹೊತ್ತೊಯ್ದ, ಒಂದನ್ನೂ ಅನುವಾದಿಸಲಿಲ್ಲ. ಹೀಗಾಗಿ ನಾವು ಅವರನ್ನು ಬಹುಮಟ್ಟಿಗೆ ಅವರನ್ನು ಖಂಡಿಸಿದವರ ಬಾಯಿಂದಲೇ ಕೇಳಬೇಕಾಗಿದೆ.

ಅವರು ಹೇಳಿದ್ದಿಷ್ಟು: ಪುದ್ಗಲ, ಅಂದರೆ ವ್ಯಕ್ತಿ, ದೇಹ-ಮನಸ್ಸುಗಳ ಐದು ರಾಶಿಗಳಾದ ಪಂಚಸ್ಕಂಧಗಳೇ ಅಲ್ಲ, ಅವುಗಳಿಂದ ಬೇರೆಯೂ ಅಲ್ಲ. ಸೌದೆಯನ್ನು ಆಶ್ರಯಿಸಿ ಬೆಂಕಿ ಇರುವಂತೆ ಸ್ಕಂಧಗಳನ್ನು ಆಶ್ರಯಿಸಿ ವ್ಯಕ್ತಿ ಇದ್ದಾನೆ. ಸೌದೆ ಬಿಟ್ಟು ಬೆಂಕಿಯಿಲ್ಲ, ಹಾಗೆಂದು ಸೌದೆಯೇ ಬೆಂಕಿಯಲ್ಲ.

ವಸುಬಂಧು ಈ ದೃಷ್ಟಾಂತವನ್ನು ಹೇಗೆ ಒಡೆಯುತ್ತಾನೆ ನೋಡಿ. ಸೌದೆ ಯಾವುದು, ಬೆಂಕಿ ಯಾವುದು ಎಂದು ಮೊದಲು ಕೇಳುತ್ತಾನೆ. ಉರಿಯದ ಕಟ್ಟಿಗೆ ಸೌದೆ, ಉರಿಯುತ್ತಿರುವುದು ಬೆಂಕಿ ಎಂದರೆ, ಒಂದು ಮುಂಚಿನದು, ಇನ್ನೊಂದು ಆಮೇಲಿನದು, ಹಾಲಿನಿಂದ ಮೊಸರಾದಂತೆ. ಕಾಲ ಬೇರೆಯಾದ ಮೇಲೆ ಎರಡೂ ಬೇರೆ ಬೇರೆಯೇ. ಇಲ್ಲ, ಉರಿಯುವ ಕೊಳ್ಳಿಯಲ್ಲಿರುವ ಉಷ್ಣತೆಯೇ ಬೆಂಕಿ, ಉಳಿದ ಮೂರು ಮಹಾಭೂತಗಳು ಸೌದೆ ಎಂದರೆ, ಲಕ್ಷಣ ಬೇರೆಯಾದ್ದರಿಂದ ಆಗಲೂ ಅವು ಬೇರೆಯೇ. ಒಟ್ಟಿಗೇ ಹುಟ್ಟಿದವು ಒಂದನ್ನೊಂದು ಆಶ್ರಯಿಸುವುದಾದರೂ ಹೇಗೆ? ಎದುರಾಳಿಗೆ ಎರಡೂ ಬಾಗಿಲು ಮುಚ್ಚಿದವು.

ಆದರೆ ಬಾಗಿಲುಗಳನ್ನು ಇಟ್ಟವನೇ ವಸುಬಂಧು. ಇರುವುದೆಲ್ಲ ಒಂದೋ ದ್ರವ್ಯವಾಗಿರಬೇಕು, ಇಲ್ಲವೇ ಬರೀ ಹೆಸರಾಗಿರಬೇಕು ಎಂಬ ವಿಭಾಗ ಆಭಿಧರ್ಮಿಕನದು. ಪುದ್ಗಲವಾದಿ ಪ್ರಶ್ನಿಸುತ್ತಿರುವುದು ಆ ವಿಭಾಗವನ್ನೇ. ಪ್ರಶ್ನೆಗೆ ಒಳಗಾದ ನಿಯಮವನ್ನೇ ಪ್ರಮಾಣವಾಗಿಟ್ಟು ತೀರ್ಪು ಕೊಟ್ಟರೆ ಅದು ಖಂಡನೆ ಹೇಗಾದೀತು? ಇದೇ ಬೆಂಕಿ-ಸೌದೆಯನ್ನು ನಾಗಾರ್ಜುನ ಮೂಲಮಧ್ಯಮಕಕಾರಿಕೆಯ ಹತ್ತನೆಯ ಪ್ರಕರಣದಲ್ಲಿ ಪರೀಕ್ಷೆಗಿಟ್ಟ. ಅಲ್ಲಿಯೂ ದೃಷ್ಟಾಂತ ಉಳಿಯುವುದಿಲ್ಲ, ಆದರೆ ಆ ತರ್ಕದ ಮುಂದೆ ಸ್ಕಂಧಗಳೂ, ಅಸ್ತಿತ್ವದ ಮೂಲಘಟಕಗಳೆನ್ನುವ ಧರ್ಮಗಳೂ ಉಳಿಯುವುದಿಲ್ಲ. ನಾಗಾರ್ಜುನನದು ಪ್ರಾಮಾಣಿಕ ನಿಷ್ಠುರತೆ. ವಸುಬಂಧು ಆ ನಿಷ್ಠುರತೆಯನ್ನು ಎದುರಾಳಿಗೆ ಮೀಸಲಿಟ್ಟು ತನ್ನ ಧರ್ಮಗಳನ್ನು ಅದರಿಂದ ಕಾಪಾಡಿಕೊಳ್ಳುತ್ತಾನೆ.

ಇನ್ನೊಂದು ಅನ್ಯಾಯವೂ ಆಗಿದೆ. ಚೀನೀ ಭಾಷೆಯಲ್ಲಿ ಉಳಿದ ಸಮ್ಮಿತೀಯರ ಶಾಸ್ತ್ರಗ್ರಂಥ ವ್ಯಕ್ತಿಯನ್ನು ಮೂರು ಬಗೆಯಲ್ಲಿ ಗುರುತಿಸುತ್ತದೆ: ಈಗಿನ ಸ್ಕಂಧಗಳ ಆಶ್ರಯದಿಂದ, ಜನ್ಮದಿಂದ ಜನ್ಮಕ್ಕೆ ಸಾಗುವುದರಿಂದ, ಕೊನೆಗೆ ನಿರೋಧದಿಂದ. ಬೆಂಕಿಯ ಚರ್ಚೆ ಮುಟ್ಟುವುದು ಮೊದಲನೆಯದನ್ನು ಮಾತ್ರ.

ಸ್ಮೃತಿಯ ಚರ್ಚೆಗೆ ಬಂದಾಗ ವಸುಬಂಧುವಿನ ಕಾಲಡಿಯ ನೆಲವೇ ಸಡಿಲವಾಗುತ್ತದೆ. ಆತ್ಮವಿಲ್ಲದಿದ್ದರೆ ಒಂದು ಚಿತ್ತ ನೋಡಿದ್ದನ್ನು ಇನ್ನೊಂದು ಚಿತ್ತ ನೆನೆಯುವುದು ಹೇಗೆ? ಹಾಗಾದರೆ ದೇವದತ್ತ ಕಂಡದ್ದನ್ನು ಯಜ್ಞದತ್ತ ಯಾಕೆ ನೆನೆಯುವುದಿಲ್ಲ? ಅವರಿಬ್ಬರ ಚಿತ್ತಗಳ ನಡುವೆ, ಒಂದೇ ಸಂತಾನದ, ಅಂದರೆ ಒಂದೇ ಚಿತ್ತಧಾರೆಯ, ಚಿತ್ತಗಳ ನಡುವೆ ಇರುವಂಥ ಕಾರ್ಯಕಾರಣಸಂಬಂಧ ಇಲ್ಲ ಎಂಬುದು ಅವನ ಉತ್ತರ. ಆದರೆ ಗುರುವಿನ ಚಿತ್ತದಿಂದ ಮಾತು, ಮಾತಿನಿಂದ ಶಿಷ್ಯನ ಚಿತ್ತದಲ್ಲಿ ಅರಿವು ಹುಟ್ಟುವುದು ಕಾರ್ಯಕಾರಣವಲ್ಲವೆ? ಅದು ಬೇರೆ ಸಂತಾನ ಎನ್ನಬೇಕಾಗುತ್ತದೆ. ಸಂತಾನ ಒಂದೇ ಎಂದು ತೋರಿಸಲು ಕಾರ್ಯಕಾರಣ, ತಕ್ಕ ಕಾರ್ಯಕಾರಣ ಯಾವುದೆಂದು ಆರಿಸಲು ಮತ್ತೆ ಸಂತಾನ! ಪುದ್ಗಲವಾದಿ ಬೆರಳಿಟ್ಟ ಜಾಗ ಇದೇ. ಬರೀ ಹೆಸರೆಂದು ತಳ್ಳಿಹಾಕಿದ ಏಕತೆ ಇಲ್ಲಿ ಸದ್ದಿಲ್ಲದೆ ದುಡಿಯುತ್ತಿದೆ.

ಇಲ್ಲಿಗೆ ಬಂದಾಗ ನಮ್ಮ ಅನೇಕ ವ್ಯಾಖ್ಯಾನಕಾರರು ಡೇವಿಡ್ ಹ್ಯೂಮ್‌ನನ್ನು ಕರೆತರುತ್ತಾರೆ. 'ನಾನು' ಎಂಬುದು ಅನುಭವಗಳ ಕಂತೆ ಎಂದು ಯುರೋಪಿನ ತತ್ತ್ವಜ್ಞಾನಿಯೂ ಕಂಡುಕೊಂಡ, ಆದ್ದರಿಂದ ವಸುಬಂಧು ಸರಿ ಎಂಬ ಧಾಟಿ. ಇವರು ಹ್ಯೂಮ್‌ನ ಪುಸ್ತಕವನ್ನು ಕೊನೆತನಕ ಓದಿದ್ದಾರೆಯೆ? 1740ರಲ್ಲಿ ಸೇರಿಸಿದ ಅನುಬಂಧದಲ್ಲಿ ಆತ, ಬಿಡಿಬಿಡಿಯಾದ ಅನುಭವಗಳನ್ನು ಒಂದುಗೂಡಿಸುವ ಸೂತ್ರ ತನಗೆ ದೊರಕುತ್ತಿಲ್ಲವೆಂದು ಒಪ್ಪಿಕೊಂಡ. ವಸುಬಂಧುವಿನ ಪರ ಸಾಕ್ಷಿ ಹೇಳಲು ಕರೆಸಿದವನು ಪುದ್ಗಲವಾದಿಯ ಸಂಶಯವನ್ನೇ ಹೇಳಿ ಹೋಗಿದ್ದಾನೆ. ಬೌದ್ಧ ವಾದವೊಂದರ ಬಲಾಬಲ ತೂಗಲು ಹ್ಯೂಮ್‌ನ ಎಡಿನ್‌ಬರೋದ ಒಪ್ಪಿಗೆ ಬೇಕೆನ್ನುವ ಅಭ್ಯಾಸವೇ ನನಗೆ ಬೇಸರ ತರಿಸುವಂಥದ್ದು. ಆ ಒಪ್ಪಿಗೆಯನ್ನೂ ಅರ್ಧ ಓದಿ ತರುವುದು ಇನ್ನೂ ಕೆಟ್ಟದ್ದು. ವೇದಾಂತದ ಕಡೆಯವರ ಸಂಭ್ರಮಕ್ಕೂ ಇಲ್ಲಿ ಎಡೆಯಿಲ್ಲ. ಪುದ್ಗಲ ಉಪನಿಷತ್ತಿನ ಸಾಕ್ಷಿಚೈತನ್ಯವಲ್ಲ, ಸ್ಕಂಧಗಳಿಂದ ಬಿಡಿಸಿಟ್ಟರೆ ಅದಕ್ಕೆ ಯಾವ ಅಸ್ತಿತ್ವವೂ ಇಲ್ಲ. ಬೌದ್ಧ ದಾರ್ಶನಿಕ ಶಾಂತರಕ್ಷಿತನಿಂದ ಇಂದಿನವರೆಗೆ 'ಹಿಂಬಾಗಿಲಿನ ಆತ್ಮವಾದ' ಎಂಬ ಧಾಟಿಯಲ್ಲಿ ಹೊರಿಸಿಕೊಂಡು ಬಂದ ಆರೋಪ ಈ ವ್ಯತ್ಯಾಸವನ್ನೇ ನುಂಗಿಹಾಕಿದೆ.

ಪುದ್ಗಲವಾದಿಗಳ ದೊಡ್ಡ ಆಧಾರ ಭಾರಹಾರ ಸೂತ್ರ. ಅದರಲ್ಲಿ ಬುದ್ಧ ಹೊರೆಯನ್ನು, ಹೊರುವವನನ್ನು, ಹೊರೆ ಎತ್ತಿಕೊಳ್ಳುವುದನ್ನು, ಇಳಿಸುವುದನ್ನು ಬೇರೆಬೇರೆಯಾಗಿ ಹೇಳುತ್ತಾನೆ. ಸ್ಕಂಧಗಳು ಹೊರೆ, ಇಂಥ ಹೆಸರಿನ, ಇಂಥ ಗೋತ್ರದ ವ್ಯಕ್ತಿ ಹೊರುವವನು. ವಸುಬಂಧುವಿನ ಪ್ರಕಾರ ಇದು ವ್ಯವಹಾರದ ಮಾತು. ನಿಜದಲ್ಲಿ ಸ್ಕಂಧಗಳೇ ಸ್ಕಂಧಗಳನ್ನು ಪೀಡಿಸುತ್ತವೆ, ಹಿಂದಿನವು ಮುಂದಿನವನ್ನು. ಎತ್ತಿಕೊಳ್ಳುವುದನ್ನು ಇದು ಹೇಗೋ ವಿವರಿಸೀತು. ಇಳಿಸುವುದನ್ನು? ಸ್ಕಂಧಗಳು ಕ್ಷಣಿಕವಾದ್ದರಿಂದ ಹೊತ್ತ ಸ್ಕಂಧ ಆಗಲೇ ನಾಶವಾಗಿದೆ, ಈಗ ಇರುವುದು ಹೊತ್ತದ್ದಲ್ಲ. ಹೊತ್ತವನೇ ಇಳಿಸಿದ ಎನ್ನಲು ಈ ವ್ಯಾಖ್ಯಾನದಲ್ಲಿ ಯಾರೂ ಉಳಿಯುವುದಿಲ್ಲ. ಸೂತ್ರದ ತಿರುಳಾದ ಬಿಡುಗಡೆಯೇ ಇಲ್ಲಿ ನಿರಾಧಾರವಾಗುತ್ತದೆ.