ಟಿ-ಜೆಟ್ ಎಂಜಿನ್‌ಗೆ ಎಷ್ಟು ದೊಡ್ಡ ಟರ್ಬೊ?

ಫಿಯೆಟ್‌ನ 1.4 ಲೀಟರ್ ಟಿ-ಜೆಟ್ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಲೆಕ್ಕಕ್ಕೆ 1368 ಸಿಸಿ. 2008ರ ಅಬಾರ್ತ್ 500 ಕಾರಿನಲ್ಲಿ ಐಎಚ್‌ಐ ಕಂಪನಿಯ ಪುಟ್ಟ ಟರ್ಬೊ ಹೊತ್ತು ಅದು ಕೊಡುತ್ತಿದ್ದದ್ದು 135 ಅಶ್ವಶಕ್ತಿ, 206 ನ್ಯೂಟನ್ ಮೀಟರ್ ಟಾರ್ಕ್. ಮುಂದೆ 595 ಕಾಂಪಿಟಿಜಿಯೋನೆ ಮಾದರಿಯಲ್ಲಿ ಗ್ಯಾರೆಟ್ 1446 ಟರ್ಬೊ ಬಂದಾಗ ಅದು 180 ಅಶ್ವಶಕ್ತಿ, 250 ನ್ಯೂಟನ್ ಮೀಟರ್‌ಗೆ ಏರಿತು. ಹಳೆಯ ಕಾರಿಗೆ ಈ ಗ್ಯಾರೆಟ್ ಕೂರಿಸುವ ರೂಢಿ ಹುಟ್ಟಿದ್ದು ಹೀಗೆ. ನಡುವೆ ಒಂದು ಸಂಗತಿ ಮರೆತುಹೋಗುತ್ತದೆ: ಅಬಾರ್ತ್‌ನದೇ ಎಸ್ಸೆಎಸ್ಸೆ ಕಿಟ್ ಟರ್ಬೊ ಮುಟ್ಟದೆ, ಇಸಿಯು ಮತ್ತು ಏರ್ ಫಿಲ್ಟರ್ ಬದಲಿಸಿ 160 ಅಶ್ವಶಕ್ತಿ ತೆಗೆದಿತ್ತು.

ಟರ್ಬೊ ಆರಿಸುವವರು ಸಾಮಾನ್ಯವಾಗಿ ಬೂಸ್ಟ್ ಎಷ್ಟೆಂದು ಕೇಳುತ್ತಾರೆ. ಕೇಳಬೇಕಾದದ್ದು ಗಾಳಿ ಎಷ್ಟೆಂದು. ಪೆಟ್ರೋಲ್ ಎಂಜಿನ್‌ನಲ್ಲಿ 180 ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 8 ಕಿಲೋ ಗಾಳಿ ಬೇಕು. ಟಿ-ಜೆಟ್ 5500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 3600 ಲೀಟರ್ ಗಾಳಿ ಸೇದುತ್ತದೆ. ಅಷ್ಟು ಜಾಗದಲ್ಲಿ 8 ಕಿಲೋ ಹಿಡಿಸಬೇಕಾದರೆ, ಇಂಟರ್‌ಕೂಲರ್ ದಾಟಿದ ಗಾಳಿ 45 ಡಿಗ್ರಿಯಲ್ಲಿದ್ದಾಗ, ಒತ್ತಡ ವಾತಾವರಣದ ಎರಡರಷ್ಟಿರಬೇಕು. ಅಂದರೆ ಬೂಸ್ಟ್ ಸುಮಾರು 1 ಬಾರ್.

ಇದು ಕಡಲತೀರದ ಲೆಕ್ಕ. ಇದೇ ಎಂಜಿನ್ 145 ಅಶ್ವಶಕ್ತಿಯೊಂದಿಗೆ 2015ರಲ್ಲಿ ಅಬಾರ್ತ್ ಪುಂಟೊ ಹೆಸರಿನಲ್ಲಿ ಭಾರತಕ್ಕೂ ಬಂದಿತ್ತು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ. ಫಿಲ್ಟರ್, ಇಂಟರ್‌ಕೂಲರ್‌ಗಳಲ್ಲಿ ಕಳೆದುಹೋಗುವ ಒತ್ತಡವನ್ನೂ ಸೇರಿಸಿದರೆ, ಮಂಗಳೂರಿನಲ್ಲಿ ಕಂಪ್ರೆಸರ್ ಗಾಳಿಯನ್ನು 2.2 ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.4 ಪಟ್ಟು ಒತ್ತಬೇಕು. 30 ಡಿಗ್ರಿಯ ಗಾಳಿಯನ್ನು ಅಷ್ಟು ಒತ್ತಿದಾಗ, ಶೇ. 75ರ ದಕ್ಷತೆಯ ಕಂಪ್ರೆಸರ್‌ನಿಂದ ಅದು 145 ಡಿಗ್ರಿಯಾಗಿ ಹೊರಬೀಳುತ್ತದೆ. ಶೇ. 60ಕ್ಕೆ ಕುಸಿದರೆ 174 ಡಿಗ್ರಿ. ಚಿಕ್ಕ ಟರ್ಬೊವನ್ನು ಮಿತಿಮೀರಿ ದುಡಿಸಿದಾಗ ಆಗುವುದು ಇದೇ: ಬೂಸ್ಟ್ ಗೇಜ್ ಚೆನ್ನಾಗಿಯೇ ತೋರಿಸುತ್ತದೆ, ಒಳಗೆ ಹೋಗುವುದು ಬಿಸಿಗಾಳಿ. 91 ಆಕ್ಟೇನ್ ಪೆಟ್ರೋಲ್ ಹಾಕಿದ ಕಾರಿನಲ್ಲಿ ಅದರ ಫಲ ನಾಕಿಂಗ್.

ಹಾಗೆಂದು ದೊಡ್ಡದು ತಂದರೆ ರೋಗ ಬೇರೆ. ಗ್ಯಾರೆಟ್ ಸಂಖ್ಯೆಗಳ ಕೊನೆಯ ಎರಡಂಕಿ ಕಂಪ್ರೆಸರ್ ಚಕ್ರದ ಹೊರವ್ಯಾಸದ ಮಿಲಿಮೀಟರ್. 1446ರಲ್ಲಿ ಅದು 46. ಇದೇ ಎಂಜಿನ್‌ಗೆ 60 ಮಿಲಿಮೀಟರ್ ಚಕ್ರ ಹಾಕಿದರೆ, ಅದರ ಜೊತೆ ಬರುವ ದೊಡ್ಡ ಟರ್ಬೈನ್ ತಿರುಗಿಸುವಷ್ಟು ಹೊಗೆ 1368 ಸಿಸಿಯಿಂದ ಬೇಗ ಹೊರಡುವುದಿಲ್ಲ. ಬೂಸ್ಟ್ 4000 ಆರ್‌ಪಿಎಂಗೆ ಎಚ್ಚೆತ್ತರೆ ಉಳಿಯುವುದು ಇನ್ನೆರಡು ಸಾವಿರ. ಊರಿನ ರಸ್ತೆಯಲ್ಲಿ ಆ ಕಾರು ಮೂಲ ಕಾರಿಗಿಂತ ಮಂದ. ಮೇಲಾಗಿ ಸರ್ಜ್: ಕಂಪ್ರೆಸರ್ ತಳ್ಳಿದ್ದನ್ನು ಎಂಜಿನ್ ನುಂಗಲಾರದೆ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಬರುವ ಪಟಪಟ ಸದ್ದನ್ನು ಹೆಮ್ಮೆಯಿಂದ ಕೇಳಿಸುವವರಿದ್ದಾರೆ. ಕಾಲು ಒತ್ತಿ ಹಿಡಿದಾಗಲೂ ಅದೇ ಸದ್ದು ಬಂದರೆ ಟರ್ಬೊ ಆಯ್ಕೆ ತಪ್ಪಿದೆ ಎಂದೇ ಅರ್ಥ, ಬೇರಿಂಗ್ ಬಾಳುವುದಿಲ್ಲ.

ಹೈಬ್ರಿಡ್ ಎಂದು ಮಾರುವ ಟರ್ಬೊಗಳದು ಮೂರನೆಯ ದಾರಿ. ಮೂಲ ಕವಚವನ್ನೇ ಕೊರೆದು ದೊಡ್ಡ ಚಕ್ರ ಕೂರಿಸುವುದರಿಂದ ಪೈಪು, ಬೋಲ್ಟು ಬದಲಿಸಬೇಕಿಲ್ಲ. ಟರ್ಬೈನ್ ಬದಿ ಹಾಗೇ ಉಳಿದಿದ್ದರೆ ಮಾತ್ರ ಹೊಗೆ ಅಲ್ಲೇ ಕಟ್ಟಿಕೊಂಡು, ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ ಉಸಿರುಗಟ್ಟುತ್ತದೆ. ಚಕ್ರಗಳ ಸಮತೋಲನ ಪರೀಕ್ಷೆಯ ದಾಖಲೆ ಕೊಡದ ಅಂಗಡಿಯಿಂದ ಇದನ್ನು ಕೊಳ್ಳಬಾರದು.

ಯಾವ ಟರ್ಬೊ ಬಂದರೂ ಇಂಜೆಕ್ಟರ್, ಇಂಟರ್‌ಕೂಲರ್, ಕ್ಲಚ್, ಹೊಸ ಇಸಿಯು ಮ್ಯಾಪ್ ಜೊತೆಗೇ ಬರುವ ಖರ್ಚು. ದಿನನಿತ್ಯ ಓಡುವ ಟಿ-ಜೆಟ್‌ಗೆ 160 ಅಶ್ವಶಕ್ತಿ ಸಾಕೆಂದರೆ ಹಳೆಯ ಐಎಚ್‌ಐ ಟರ್ಬೊವನ್ನು ಬಿಚ್ಚುವ ಅಗತ್ಯವೇ ಇಲ್ಲ. 180 ಬೇಕೆಂದರೆ 1446. ಅದಕ್ಕಿಂತ ದೊಡ್ಡದು ರೇಸ್ ಟ್ರ್ಯಾಕಿನ ಕಾರಿಗೆ ಮಾತ್ರ, ಅದೂ ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳನ್ನು ಬಲಪಡಿಸಿದ ಮೇಲೆ.