‘ಕೂಸು ಗೆಲಾಕ್ಸಿ’ ಎನ್ನುವುದು ಸರಿಯೇ?

ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ನಮ್ಮ ಆಕಾಶಗಂಗೆ ಮತ್ತು ಆಂಡ್ರೊಮಿಡಾ ಸೇರಿರುವ ಸ್ಥಳೀಯ ಗುಂಪಿನಿಂದ ಬಹು ದೂರದಲ್ಲಿ, ‘1 ಜ್ವಿಕಿ 18’ ಎಂಬ ಪುಟ್ಟ ಗೆಲಾಕ್ಸಿ ಇದೆ. ನಿರ್ದಿಷ್ಟ ಆಕಾರವಿಲ್ಲದ, ನೀಲಿ ಛಾಯೆಯ ಕುಬ್ಜ ಗೆಲಾಕ್ಸಿ ಇದು. ಫ್ರಿಟ್ಜ್ ಜ್ವಿಕಿ ತಯಾರಿಸಿದ ಸಾಂದ್ರ ಗೆಲಾಕ್ಸಿಗಳ ಮೊದಲ ಪಟ್ಟಿಯಲ್ಲಿ 18ನೆಯದಾದುದರಿಂದ ಈ ಹೆಸರು.

2004ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕದ ಪ್ರಕಟಣೆಯೊಂದು ಇದನ್ನು ‘ಕೂಸು’ ಎಂದು ಬಣ್ಣಿಸಿತು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಇದರ ವಯಸ್ಸು 50 ಕೋಟಿ ವರ್ಷಕ್ಕೂ ಕಡಿಮೆ! ಕೌತುಕದ ಸುದ್ದಿಯೇ ಸರಿ. ಆದರೆ ಈ ತೀರ್ಮಾನ ಯಾವ ಆಧಾರಗಳ ಮೇಲೆ ನಿಂತಿತ್ತೆಂದು ನೀವು ಪರಿಶೀಲಿಸಬೇಕು.

ಮೊದಲನೆಯ ಆಧಾರ ಲೋಹಾಂಶ. ಖಗೋಳ ವಿಜ್ಞಾನದಲ್ಲಿ ಹೀಲಿಯಮ್‌ಗಿಂತ ಭಾರವಾದ ಧಾತುಗಳೆಲ್ಲವೂ ‘ಲೋಹ’ಗಳೇ. ಅವು ನಕ್ಷತ್ರಗಳ ಒಡಲಲ್ಲಿ ತಯಾರಾಗುತ್ತವೆ. ಈ ಗೆಲಾಕ್ಸಿಯ ಅನಿಲದಲ್ಲಿ ಆಕ್ಸಿಜನ್ ಪ್ರಮಾಣ ಸೂರ್ಯನಲ್ಲಿರುವುದರ 30ರಿಂದ 50ರಲ್ಲಿ ಒಂದು ಪಾಲು ಮಾತ್ರ. ಹಾಗಾದರೆ ಇಲ್ಲಿ ನಕ್ಷತ್ರಗಳು ಹುಟ್ಟತೊಡಗಿ ಹೆಚ್ಚು ಕಾಲವಾಗಿಲ್ಲವೆಂದು ತೋರುವುದು ಸಹಜ. ಆದರೆ 1972ರಲ್ಲಿಯೇ ಲಿಯೊನಾರ್ಡ್ ಸರ್ಲ್ ಮತ್ತು ವಾಲೇಸ್ ಸಾರ್ಜೆಂಟ್ ಇನ್ನೊಂದು ಸಾಧ್ಯತೆಯನ್ನೂ ಮುಂದಿಟ್ಟಿದ್ದರು: ನಕ್ಷತ್ರಗಳು ಒಮ್ಮೆಗೇ ಹೇರಳವಾಗಿ ಹುಟ್ಟಿ, ಮತ್ತೆ ದೀರ್ಘಕಾಲ ವಿರಾಮವಿರಬಹುದು. ಅಲ್ಲದೆ, ಕುಬ್ಜ ಗೆಲಾಕ್ಸಿಯ ಗುರುತ್ವ ದುರ್ಬಲ. ಸೂಪರ್‌ನೋವಾಗಳು ಸಿಡಿದಾಗ ಲೋಹಭರಿತ ಅನಿಲ ಹೊರಗೆ ಸೋರಿಹೋಗಬಲ್ಲದು. ಆದ್ದರಿಂದ ಲೋಹಾಂಶ ಕಡಿಮೆಯೆಂದ ಮಾತ್ರಕ್ಕೆ ವಯಸ್ಸೂ ಕಡಿಮೆಯೆನ್ನಲಾಗದು.

ಎರಡನೆಯ ಆಧಾರ ಕೆಂಪು ದೈತ್ಯ ತಾರೆಗಳು. ಸೂರ್ಯನಂಥ ಹಗುರ ನಕ್ಷತ್ರಗಳು ಈ ಹಂತ ತಲಪಲು 100 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು. ಯೂರಿ ಇಜೊಟೊವ್ ಮತ್ತು ಟ್ರಿನ್ ತುವಾನ್ ಹಬಲ್ ಚಿತ್ರಗಳಲ್ಲಿ ಇವನ್ನು ಹುಡುಕಿದರು, ಸಿಗಲಿಲ್ಲ. ಹಳೆಯ ತಾರೆಗಳೇ ಇಲ್ಲ ಎಂದು ಅರ್ಥೈಸಿದರು. ‘ಕಾಣಲಿಲ್ಲ’ ಎಂಬುದು ವೀಕ್ಷಣೆ. ‘ಇಲ್ಲ’ ಎಂಬುದು ತೀರ್ಮಾನ. ಇವೆರಡರ ನಡುವೆ ಗೆಲಾಕ್ಸಿಯ ದೂರವೆಂಬ ಒಂದು ಸಂಖ್ಯೆ ಅಡಗಿತ್ತು.

ಆ ಪ್ರಕಟಣೆಯಲ್ಲಿ ದೂರ 4.5 ಕೋಟಿ ಜ್ಯೋತಿರ್ವರ್ಷ. 2007ರಲ್ಲಿ ಅಲೆಸಾಂಡ್ರಾ ಅಲೋಯಿಸಿ ಮತ್ತು ಸಂಗಡಿಗರು ಹೊಸ ಹಬಲ್ ಚಿತ್ರಗಳನ್ನೂ ಸೇರಿಸಿಕೊಂಡು ನೋಡಿದಾಗ ಕೆಂಪು ದೈತ್ಯಗಳು ಕಂಡವು. ಅವುಗಳಿಂದಲೂ, ಕಾಂತಿ ಏರಿಳಿಯುವ ಸೆಫೀಡ್ ತಾರೆಗಳಿಂದಲೂ ದೂರ ಸುಮಾರು 5.9 ಕೋಟಿ ಜ್ಯೋತಿರ್ವರ್ಷವೆಂದು ತಿಳಿಯಿತು. ಈಗ ವಿಲೋಮ ವರ್ಗ ನಿಯಮವನ್ನು ಅನ್ವಯಿಸಿ. 4.5ನ್ನು 5.9ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 0.58. ಅಂದರೆ ಆ ತಾರೆಗಳ ತೋರಿಕೆಯ ಕಾಂತಿ ನಿರೀಕ್ಷಿಸಿದ್ದರ ಶೇಕಡ 58 ಮಾತ್ರ. ಮೊದಲ ಹುಡುಕಾಟದಲ್ಲಿ ಅವು ತಪ್ಪಿಸಿಕೊಂಡದ್ದಕ್ಕೆ ಇದೊಂದು ಮುಖ್ಯ ಕಾರಣ. ಗೆಲಾಕ್ಸಿಯ ವಯಸ್ಸು ಕನಿಷ್ಠ 100 ಕೋಟಿ ವರ್ಷವೆಂದಾಯಿತು. ಅದಕ್ಕಿಂತ ಬಹಳ ಹೆಚ್ಚೂ ಇರಬಹುದು. ಜೇಮ್ಸ್ ವೆಬ್ ದೂರದರ್ಶಕದ ವೀಕ್ಷಣೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೂ ಹಳೆಯ ತಾರೆಗಳಿರುವುದನ್ನು ಎತ್ತಿಹಿಡಿಯಿತು.

2004ರ ಸಂಶೋಧಕರ ಶ್ರಮವನ್ನು ಹಗುರವಾಗಿ ಕಾಣಬೇಕಿಲ್ಲ. ಅವರ ವಾದ ಸ್ಪಷ್ಟವಾಗಿದ್ದುದರಿಂದಲೇ ಇತರರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು. ಆಕ್ಷೇಪವಿರುವುದು ಷರತ್ತುಗಳನ್ನು ಕೈಬಿಟ್ಟು ‘ಕೂಸು’ ಎಂಬ ಬಿರುದನ್ನಷ್ಟೇ ಸಾರುವುದಕ್ಕೆ. ಸುದ್ದಿ ಬೇಗ ಹರಡುತ್ತದೆ. ತಿದ್ದುಪಡಿ ನಿಧಾನವಾಗಿ ಬರುತ್ತದೆ, ಕೆಲವೊಮ್ಮೆ ತರಗತಿಯವರೆಗೆ ಬರುವುದೇ ಇಲ್ಲ.

ಶಿಕ್ಷಕರೇ, ಈ ಗೆಲಾಕ್ಸಿಯ ಮಾತು ಬಂದಾಗ 2004 ಮತ್ತು 2007ರ ದೂರಗಳೆರಡನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ. ಕಾಂತಿ ಎಷ್ಟು ಕುಗ್ಗುತ್ತದೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಆಮೇಲೆ ವಯಸ್ಸಿನ ಪ್ರಶ್ನೆಯನ್ನು ಅವರ ಮುಂದಿಡಿ.