ಎರಡನೇ ಸಲ ಬೇಯುವ ಸಿಗಡಿ

ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಮಧ್ಯಾಹ್ನ ಒಂದಕ್ಕೆ ಮೈಕ್ರೊವೇವ್ ಓವನ್ ಮುಂದೆ ಸಾಲು ನಿಲ್ಲುತ್ತದೆ. ಹಿಂದಿದ್ದವರಿಗೆ ತಡವಾಗಬಾರದೆಂದು ಎಲ್ಲರೂ ಒತ್ತುವುದು ಒಂದೇ ಲೆಕ್ಕ: ಪೂರ್ತಿ ಶಾಖ, ಎರಡು ನಿಮಿಷ. ಅನ್ನಕ್ಕೆ, ಹುಳಿಗೆ ಅದು ಸರಿ. ಕುಂದಾಪುರದಿಂದ ಭಾನುವಾರ ರಾತ್ರಿ ಬಸ್ಸಿನಲ್ಲಿ ಬಂದ ಸಿಗಡಿ ಸುಕ್ಕಕ್ಕೆ ಅದು ದೊಡ್ಡ ಅನ್ಯಾಯ. ಅಮ್ಮ ಫ್ರೀಜರಿನಲ್ಲಿ ಕಲ್ಲಾಗಿಸಿ, ಪತ್ರಿಕೆ ಸುತ್ತಿ ಕಟ್ಟಿಕೊಟ್ಟದ್ದು ರಬ್ಬರಾಗಿ ಹಲ್ಲಿಗೆ ಸಿಗುತ್ತದೆ.

ತಪ್ಪು ಓವನ್ನಿನದು ಎಂದು ನಾನೂ ಬಹಳ ಕಾಲ ನಂಬಿದ್ದೆ. ಈಗ ಹಾಗನಿಸುವುದಿಲ್ಲ. ಕರಾವಳಿಯ ನಮಗೆ ನಿನ್ನೆಯ ಬಂಗುಡೆ ಸಾರೆಂದರೆ ಪ್ರಾಣ. ಮಣ್ಣಿನ ಗಡಿಗೆಯಲ್ಲಿ ಮತ್ತೆ ಮತ್ತೆ ಕುದಿಸಿ ಬತ್ತಿಸಿದಷ್ಟೂ ಹುಳಿ, ಖಾರ ಮೀನಿಗೆ ಇಳಿಯುತ್ತದೆ. ಅದೇ ರೂಢಿಯನ್ನು ಸಿಗಡಿಗೂ ಹಚ್ಚಿದ್ದೇ ಎಡವಟ್ಟು. ಮೀನಿನ ಮಾಂಸ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ, ಸಿಗಡಿಯದು ಬಿಗಿದುಕೊಳ್ಳುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಅದು ಬೆಂದಾಗಿರುತ್ತದೆ. ಆಮೇಲೆ ಏರುವ ಶಾಖವೆಲ್ಲ ನಾರನ್ನು ಹಿಂಡಿ ನೀರು ಹೊರಹಾಕುತ್ತದೆ. ಹಸಿಯಲ್ಲಿ ಬೂದು, ಬೆಂದಾಗ ಕೆಂಪು: ಮೊದಲ ಸಲ ಬಣ್ಣವೇ ಎಚ್ಚರಿಸುತ್ತದೆ. ಎರಡನೇ ಸಲ ಆ ಸೂಚನೆಯೂ ಇಲ್ಲ.

ಹಾಗೆಂದು ಉಗುರುಬೆಚ್ಚಗೆ ಮಾಡಿ ತಿನ್ನುವುದನ್ನು ನಾನು ಒಪ್ಪಲಾರೆ. ಉಳಿದ ಆಹಾರದ ನಡುಭಾಗವೂ 70 ಡಿಗ್ರಿ ಮುಟ್ಟಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆದ್ದರಿಂದ ಮೊದಲಿನ ಮೃದುತ್ವ ಪೂರ್ತಿ ಮರಳುವುದಿಲ್ಲ. 70 ಮುಟ್ಟಿದೊಡನೆ ನಿಲ್ಲಿಸುವುದೇ ಕೌಶಲ.

ಗಸಿಯಾದರೆ ದಾರಿಯಿದೆ. ಸಿಗಡಿಯನ್ನು ಚಮಚದಲ್ಲಿ ಬದಿಗೆ ತೆಗೆದಿಟ್ಟು, ಗಸಿಯನ್ನಷ್ಟೇ ಕೊತಕೊತ ಕುದಿಸಿ, ಅದರೊಳಗೆ ಸಿಗಡಿ ಮುಳುಗಿಸಿ, ಮುಚ್ಚಿ ಮತ್ತೆ ಅರ್ಧ ನಿಮಿಷ ಬಿಸಿ ಮಾಡಿದರೆ ಆವಿ ಏಳುತ್ತದೆ. ಅಷ್ಟು ಸಾಕು. ಸುಕ್ಕಕ್ಕೆ ಎರಡು ಚಮಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿ, ಅರ್ಧ ಶಾಖದಲ್ಲಿ ಅರ್ಧರ್ಧ ನಿಮಿಷಕ್ಕೆ ಕಲಕಬೇಕು. ಓವನ್ನಿನ ಶಾಖ ಎಲ್ಲೆಡೆ ಒಂದೇ ಸಮ ಹರಡುವುದಿಲ್ಲ. ಕಲಕದಿದ್ದರೆ ಅಂಚಿನವು ಒರಟಾಗುವಾಗ ನಡುವಿನವು ತಣ್ಣಗೇ ಇರುತ್ತವೆ. ಘೀ ರೋಸ್ಟ್ ಮಾತ್ರ ಈ ಪರೀಕ್ಷೆಯಲ್ಲಿ ಸೋತಿದೆ. ನೀರೆಲ್ಲ ಬತ್ತಿ ತುಪ್ಪ, ಮೆಣಸಷ್ಟೇ ಉಳಿದ ಆ ಮಸಾಲೆಯಲ್ಲಿ ಸಿಗಡಿಗೆ ರಕ್ಷಣೆಯೇ ಇಲ್ಲ.

ಜೂನ್, ಜುಲೈ ತಿಂಗಳ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಫ್ರೀಜರಿನಲ್ಲಿ ಕೂಡಿಟ್ಟ ಒಂದೊಂದು ಸಿಗಡಿಯೂ ಬೆಲೆಬಾಳುವಂಥದ್ದು. ಊರಿನವರಲ್ಲಿ ನನ್ನ ಕೋರಿಕೆ ಇಷ್ಟೇ: ಮಕ್ಕಳಿಗೆ ಬೇಯಿಸಿದ ಸಿಗಡಿ ಕಟ್ಟಿಕೊಡಬೇಡಿ. ಹುರಿದು ಅರೆದ ಮಸಾಲೆಯನ್ನಷ್ಟೇ ಕೊಡಿ. ಸಿಗಡಿ ಇಲ್ಲೇ, ಅವರ ಬಾಡಿಗೆ ಮನೆಯ ಒಲೆಯ ಮೇಲೆ, ಮೂರು ನಾಲ್ಕು ನಿಮಿಷದಲ್ಲಿ ಒಂದೇ ಸಲ ಬೇಯಲಿ.